ತಟ್ಟೆಯ ಜಾಡು ಹಿಡಿದು: ಮಧ್ಯಯುಗದ ಇಂಗ್ಲೆಂಡಿನ ದೊಡ್ಡಮನೆಗಳ ಅಡುಗೆ ಮತ್ತು ಪಾತ್ರೆ ವಿಭಾಗಗಳನ್ನು ಓದುವ ಕ್ರಮ

ಮಧ್ಯಯುಗದ ಇಂಗ್ಲೆಂಡಿನ ಊಟದ ಬಗ್ಗೆ ಕುತೂಹಲ ಹುಟ್ಟಿದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಪಾಕವಿಧಾನಗಳನ್ನು. ಬೆಂಕಿಯಲ್ಲಿ ಸುಟ್ಟ ಹಂಸ, ಕೇಸರಿ ಹಾಕಿದ ಸಾರು, ಬಾದಾಮಿ ಹಾಲಿನ ಖಾದ್ಯ ಇವೆಲ್ಲ ಓದಲು ಸೊಗಸು. ಆದರೆ ನೂರಾರು ಜನ ದಿನವೂ ಉಣ್ಣುತ್ತಿದ್ದ ಒಬ್ಬ ಅರ್ಲ್‌ನ (ದೊಡ್ಡ ಸರದಾರನ) ಅಥವಾ ಬಿಷಪ್‌ನ ಮನೆ ಹೇಗೆ ನಡೆಯುತ್ತಿತ್ತು ಎಂಬುದು ಪಾಕವಿಧಾನಗಳಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಪಾತ್ರೆಯ ಹಿಂದೆ ಹೋಗಬೇಕು. ತಟ್ಟೆ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ಬಾಗಿಲಲ್ಲಿ ಯಾರು ಅದನ್ನು ಎಣಿಸಿದರು, ಕಳೆದುಹೋದರೆ ಹೊಣೆ ಯಾರದು ಎಂದು ಕೇಳುತ್ತಾ ಹೋದರೆ ಇಡೀ ಮನೆಯ ಆಡಳಿತ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ.

ಇತಿಹಾಸದ ವಿದ್ಯಾರ್ಥಿಗಳು, ಆ ಕಾಲವನ್ನು ಕಾದಂಬರಿಗೋ ನಾಟಕಕ್ಕೋ ತರಲು ಹೊರಟವರು, ಇಂಗ್ಲೆಂಡಿಗೆ ಹೋದಾಗ ಹಳೆಯ ಅರಮನೆಗಳ ಅಡುಗೆಮನೆಯಲ್ಲಿ ನಿಂತು ಏನು ನೋಡಬೇಕೆಂದು ತೋಚದವರು, ಇವರೆಲ್ಲರಿಗೂ ಉಪಯೋಗವಾಗಲೆಂದು ಈ ಕ್ರಮವನ್ನು ಬರೆಯುತ್ತಿದ್ದೇನೆ. ಕೈಯಲ್ಲಿ ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್ ಇದ್ದರೆ ಸಾಕು.

ಮೊದಲ ಹೆಜ್ಜೆ: ಯಾವ ಮನೆ, ಯಾವ ವರ್ಷ, ಎಂಥ ದಾಖಲೆ

"ಮಧ್ಯಯುಗ" ಎಂದು ಸಾರಾಸಗಟಾಗಿ ಓದಲು ಹೋಗಬೇಡಿ. ಒಂದು ಮನೆಯನ್ನು ಆರಿಸಿಕೊಳ್ಳಿ. ಅಚ್ಚಾಗಿ ಸಿಗುವ ಒಳ್ಳೆಯ ದಾಖಲೆಗಳು ಹಲವಿವೆ. ಲೆಸ್ಟರ್‌ನ ಕೌಂಟೆಸ್ (ಅರ್ಲ್‌ನ ಹೆಂಡತಿ) ಎಲಿನರ್ ದ ಮಾಂಟ್‌ಫರ್ಟಳ ಮನೆಯ 1265ರ ಲೆಕ್ಕದ ಸುರುಳಿ ಇದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಅವಳ ಗಂಡ ಸೈಮನ್ ಈವ್‌ಶಮ್ ಕಾಳಗದಲ್ಲಿ ಸತ್ತ. ಹೆರೆಫರ್ಡ್ ಬಿಷಪ್ ಸ್ವಿನ್‌ಫೀಲ್ಡ್‌ನ 1289–90ರ ಸುರುಳಿ ಇದೆ. ಸಫೋಕ್ ಸೀಮೆಯ ಆಕ್ಟನ್ ಊರಿನ ಡೇಮ್ ಆಲಿಸ್ ದ ಬ್ರಾಯೆನ್ ಎಂಬ ವಿಧವೆಯ ಮನೆಯ 1412–13ರ ದಿನವಹಿ ಇದೆ. ನಾಲ್ಕನೆಯ ಎಡ್ವರ್ಡ್ ದೊರೆಯ ಅರಮನೆಗೆ 1471–72ರ ಸುಮಾರಿಗೆ ಬರೆದ ನಿಯಮಾವಳಿ ಇದೆ. ನಾರ್ತಂಬರ್‌ಲೆಂಡ್‌ನ ಐದನೆಯ ಅರ್ಲ್ ಹೆನ್ರಿ ಪರ್ಸಿ 1512ರಲ್ಲಿ ಬರೆಸಲು ತೊಡಗಿದ ಮನೆವಾರ್ತೆಯ ಪುಸ್ತಕದಲ್ಲಿ 166 ಜನರ ಕುಟುಂಬ ಪರಿವಾರಕ್ಕೆ ಯಾರಿಗೆ ಏನು, ಎಷ್ಟು ಎಂಬ ಕಟ್ಟಳೆ ಇದೆ.

ಇವು ಒಂದೇ ಜಾತಿಯ ದಾಖಲೆಗಳಲ್ಲ. ನಿಯಮಾವಳಿ ಹೇಗೆ ನಡೆಯಬೇಕು ಎಂದು ಹೇಳುತ್ತದೆ. ದಿನವಹಿ ಹೇಗೆ ನಡೆಯಿತು ಎಂದು ಹೇಳುತ್ತದೆ. ಯಾರೋ ಸತ್ತಾಗಲೋ ಅಧಿಕಾರ ಹಸ್ತಾಂತರವಾದಾಗಲೋ ಬರೆದ ಸಾಮಾನುಗಳ ಪಟ್ಟಿ, ಉಳಿದದ್ದೇನು ಎಂದು ಹೇಳುತ್ತದೆ. ಹೊಸಬರು ನಿಯಮಾವಳಿಯಿಂದ ಶುರು ಮಾಡುವುದು ಹೆಚ್ಚು, ಯಾಕೆಂದರೆ ಅದರಲ್ಲಿ ವಿಭಾಗಗಳ ಹೆಸರು ಅಚ್ಚುಕಟ್ಟಾಗಿ ಸಿಗುತ್ತದೆ. ನಾನು ಹೇಳುವುದು ಬೇರೆ: ದಿನವಹಿಯಿಂದ ಶುರು ಮಾಡಿ. ಆಲಿಸ್‌ಳ ಮನೆ ಇದಕ್ಕೆ ತಕ್ಕದ್ದು. ಮನೆ ತೀರಾ ದೊಡ್ಡದಲ್ಲ, ಲೆಕ್ಕ ಸರಳ, ಪ್ರತಿ ದಿನದ ನಮೂದೂ ಒಂದೇ ಅಚ್ಚಿನಲ್ಲಿದೆ. ಯಾರು ಯಾರು ಊಟಕ್ಕೆ ಬಂದರು, ಪ್ಯಾಂಟ್ರಿ ಎಂಬ ಬ್ರೆಡ್ ಕೋಣೆಯಿಂದ ಬಿಳಿ ಬ್ರೆಡ್ ಎಷ್ಟು, ಕಪ್ಪು ಬ್ರೆಡ್ ಎಷ್ಟು ಹೋಯಿತು, ಅಡುಗೆಮನೆಯಲ್ಲಿ ಯಾವ ಮಾಂಸ ಅಥವಾ ಮೀನು ಖರ್ಚಾಯಿತು, ಹೊರಗಿನಿಂದ ಕೊಂಡದ್ದೇನು, ಕುದುರೆಗಳಿಗೆ ಹುಲ್ಲೆಷ್ಟು ಎಂಬ ಸಾಲುಗಳು ದಿನವೂ ಅದೇ ಕ್ರಮದಲ್ಲಿ ಬರುತ್ತವೆ. ಹತ್ತು ದಿನದ ನಮೂದು ಓದಿದರೆ ಹನ್ನೊಂದನೆಯದನ್ನು ಊಹಿಸಬಲ್ಲಿರಿ. ಆಮೇಲೆ 1413ರ ಹೊಸವರ್ಷದ ದಿನಕ್ಕೆ ಬಂದಾಗ, ಒಕ್ಕಲುಗಳೂ ಇತರರೂ ಸೇರಿ 300 ಜನ ಎಂಬ ನಮೂದು ಕಂಡು ಅದರ ತೂಕ ನಿಮಗೇ ತಿಳಿಯುತ್ತದೆ.

ವರ್ಷದ ವಿಷಯದಲ್ಲಿ ಎಚ್ಚರ. ಈ ಲೆಕ್ಕಗಳು ಹೆಚ್ಚಾಗಿ ಸೆಪ್ಟೆಂಬರ್ 29ರ ಮೈಕೆಲ್‌ಮಸ್ ಹಬ್ಬದಿಂದ ಮುಂದಿನ ಮೈಕೆಲ್‌ಮಸ್‌ವರೆಗೆ ನಡೆಯುತ್ತವೆ. ಅಂದಿನ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಮೇಲಾಗಿ ಗುಮಾಸ್ತರು ದೊರೆಯ ಆಳ್ವಿಕೆಯ ವರ್ಷವನ್ನೇ ಬರೆಯುತ್ತಿದ್ದರು. ಆಲಿಸ್‌ಳ ಲೆಕ್ಕ ನಾಲ್ಕನೆಯ ಹೆನ್ರಿಯ ಕಾಲದಲ್ಲಿ ಶುರುವಾಗಿ, ಅವನು 1413ರ ಮಾರ್ಚ್ 20ರಂದು ತೀರಿಕೊಂಡ ಮೇಲೆ ಐದನೆಯ ಹೆನ್ರಿಯ ಕಾಲದಲ್ಲಿ ಮುಗಿಯುತ್ತದೆ. ಪುಟದ ಅಂಚಿನಲ್ಲಿ ಇಂದಿನ ದಿನಾಂಕವನ್ನು ಬರೆದುಕೊಂಡೇ ಮುಂದೆ ಹೋಗಿ.

ಎರಡನೆಯ ಹೆಜ್ಜೆ: ಮೂರು ಬಾಗಿಲುಗಳ ನಕ್ಷೆ ಬರೆಯಿರಿ

ನೋಟ್‌ಪುಸ್ತಕದಲ್ಲಿ ಒಂದು ಉದ್ದನೆಯ ಆಯತ ಬರೆಯಿರಿ. ಅದು ಹಾಲ್, ಅಂದರೆ ಎಲ್ಲರೂ ಉಣ್ಣುವ ದೊಡ್ಡ ಸಭಾಂಗಣ. ಒಂದು ತುದಿಯಲ್ಲಿ ಎತ್ತರದ ಜಗಲಿ; ಅಲ್ಲಿ ಒಡೆಯನ ಮೇಜು. ಇನ್ನೊಂದು ತುದಿ ಕೆಳಗಿನದು. ಅಲ್ಲಿ ಮರದ ಅಡ್ಡಗೋಡೆ, ಅದರ ಹಿಂದೆ ಓಣಿಯಂಥ ದಾರಿ. ಆ ದಾರಿಯ ಗೋಡೆಯಲ್ಲಿ ಸಾಲಾಗಿ ಮೂರು ಬಾಗಿಲು. ಒಂದು ಬ್ರೆಡ್ ಇಡುವ ಪ್ಯಾಂಟ್ರಿಗೆ, ಇನ್ನೊಂದು ಏಲ್ (ಬಿಯರ್‌ನಂಥ ಮದ್ಯ) ಮತ್ತಿತರ ಪಾನೀಯ ಇಡುವ ಬಟರಿಗೆ, ನಡುವಿನದು ಅಡುಗೆಮನೆಗೆ ಹೋಗುವ ಓಣಿಗೆ. ಕೆಂಟ್ ಸೀಮೆಯ ಪೆನ್ಸ್‌ಹರ್ಸ್ಟ್ ಪ್ಲೇಸ್‌ನಲ್ಲಿ 1341ರ ಸುಮಾರಿನ ಹಾಲ್ ಇಂದಿಗೂ ನಿಂತಿದೆ. ಅದರ ಕೆಳತುದಿಯಲ್ಲಿ ಈ ಏರ್ಪಾಡನ್ನು ಕಣ್ಣಾರೆ ಕಾಣಬಹುದು.

ಅಡುಗೆಮನೆ ಬೆಂಕಿಯ ಭಯದಿಂದ ಹಾಲ್‌ನಿಂದ ಸ್ವಲ್ಪ ದೂರವೇ ಇರುತ್ತಿತ್ತು, ಕೆಲವೆಡೆ ಪೂರ್ತಿ ಬೇರೆ ಕಟ್ಟಡ. ಗ್ಲಾಸ್ಟನ್‌ಬರಿಯ ಮಠಾಧಿಪತಿಯ ಅಡುಗೆಮನೆ 14ನೆಯ ಶತಮಾನದ್ದು. ಹೊರಗಿನಿಂದ ಚೌಕ, ಒಳಗೆ ಎಂಟು ಮೂಲೆ, ಮೂಲೆಗಳಲ್ಲಿ ನಾಲ್ಕು ದೊಡ್ಡ ಒಲೆ, ಮೇಲೆ ಹೊಗೆ ಮತ್ತು ಆವಿ ಹೋಗಲು ಗೋಪುರದಂಥ ಕಿಂಡಿ. ಡರಮ್ ಪ್ರಯರಿ ಎಂಬ ಮಠದಲ್ಲಿ 1366ರಿಂದ 1374ರ ನಡುವೆ ಜಾನ್ ಲೂವಿನ್ ಎಂಬ ಶಿಲ್ಪಿ ಕಟ್ಟಿದ ಎಂಟು ಮೂಲೆಯ ಅಡುಗೆಮನೆಯೂ ಉಳಿದಿದೆ.

ಈ ನಕ್ಷೆ ಇಲ್ಲದೆ ಮುಂದಿನ ಹೆಜ್ಜೆ ಇಡಬೇಡಿ. ವಿಭಾಗಗಳೆಂದರೆ ಬರಿಯ ಹೆಸರುಗಳಲ್ಲ. ಒಂದೊಂದಕ್ಕೂ ಒಂದು ಕೋಣೆ, ಒಂದು ಬಾಗಿಲು, ಒಂದು ಬೀಗದ ಕೈ, ಅದನ್ನು ಹಿಡಿದ ಒಬ್ಬ ಮನುಷ್ಯ.

ಮೂರನೆಯ ಹೆಜ್ಜೆ: ವಿಭಾಗಗಳನ್ನು ಎರಡು ಗುಂಪು ಮಾಡಿ

ಅರಮನೆಯ ನಿಯಮಾವಳಿಯಲ್ಲಿ ವಿಭಾಗಗಳ ಸಾಲು ನೋಡಿದರೆ ತಲೆ ತಿರುಗುತ್ತದೆ. ಅಡ್ಡಗೆರೆ ಎಳೆದು ಎರಡು ಗುಂಪು ಮಾಡಿದರೆ ಸುಲಭ. ಬೆಂಕಿಯ ಮೇಲೆ ಇಡದೆ ಮೇಜಿಗೆ ಹೋಗುವುದು ಒಂದು ಕಡೆ. ಬೆಂಕಿ ಕಂಡು ಮೇಜಿಗೆ ಹೋಗುವುದು ಇನ್ನೊಂದು ಕಡೆ.

ಮೊದಲ ಗುಂಪಿನಲ್ಲಿ ಪ್ಯಾಂಟ್ರಿ, ಬಟರಿ, ವೈನ್ ಇಡುವ ನೆಲಮಾಳಿಗೆ, ಹೂಜಿಗಳ ಕೋಣೆ, ಕೈತೊಳೆಯುವ ನೀರು ಮತ್ತು ಮೇಜುಬಟ್ಟೆಗಳನ್ನು ನೋಡಿಕೊಳ್ಳುವ ಯೂಅರಿ, ಮೇಣದಬತ್ತಿಯ ವಿಭಾಗ. ಬ್ರೆಡ್ ಸುಡುವುದು ಬೇಕರಿಯ ಕೆಲಸ. ಆದರೆ ಸುಟ್ಟ ಬ್ರೆಡ್ಡಿಗೆ ಲೆಕ್ಕ ಕೊಡಬೇಕಾದವನು ಪ್ಯಾಂಟರ್, ಅಂದರೆ ಪ್ಯಾಂಟ್ರಿಯ ಮೇಲ್ವಿಚಾರಕ. ಅವನ ಕೆಲಸದ ಸೂಕ್ಷ್ಮವನ್ನು ತಿಳಿಯಲು 15ನೆಯ ಶತಮಾನದ ಜಾನ್ ರಸೆಲ್ ಬರೆದದ್ದನ್ನು ನೋಡಬೇಕು. ಅವನು ಗ್ಲಾಸ್ಟರ್ ಡ್ಯೂಕ್ ಹಂಫ್ರಿಯ ಮನೆಯಲ್ಲಿ ಸೇವೆ ಮಾಡಿದವನು. ಪ್ಯಾಂಟರ್ ಬಳಿ ಮೂರು ಚಾಕು ಇರಬೇಕು ಎನ್ನುತ್ತಾನೆ. ಒಂದು ಬ್ರೆಡ್ಡನ್ನು ಚೌಕವಾಗಿ ಕತ್ತರಿಸಲು, ಒಂದು ಸುಟ್ಟ ಹೊರಪದರ ಕೆತ್ತಲು, ಮೂರನೆಯದು ತಟ್ಟೆಯಾಗಿ ಬಳಸುವ ಬ್ರೆಡ್ ತುಂಡುಗಳ ಮೈಯನ್ನು ನಯ ಮಾಡಲು. ಒಡೆಯನಿಗೆ ಅಂದಿನ ಹೊಸ ಬ್ರೆಡ್, ಪರಿವಾರಕ್ಕೆ ಮೂರು ದಿನದ್ದು, ತಟ್ಟೆಗೆ ನಾಲ್ಕು ದಿನದ್ದು. ನಾಲ್ಕು ದಿನ ಕಳೆದ ಬ್ರೆಡ್ ಗಟ್ಟಿಯಾಗಿರುತ್ತದೆ; ಮಾಂಸದ ರಸ ಅದರ ಮೇಲೆ ಬಿದ್ದರೂ ಕೂಡಲೇ ಕೆಳಗಿಳಿಯುವುದಿಲ್ಲ. ಒಂದು ದಿನದ ಬ್ರೆಡ್ ಎಣಿಕೆಯನ್ನು ಓದುವಾಗ ಇದನ್ನು ನೆನಪಿಡಬೇಕು: ಬ್ರೆಡ್ಡಿನ ಒಂದು ಪಾಲು ಹೊಟ್ಟೆಗೆ ಹೋದದ್ದಲ್ಲ, ಪಾತ್ರೆಯಾಗಿ ಬಳಕೆಯಾದದ್ದು.

ಎರಡನೆಯ ಗುಂಪಿನ ನಡುವೆ ಅಡುಗೆಮನೆ. ಸುತ್ತಲೂ ಅದಕ್ಕೆ ಒದಗಿಸುವವರು. ಲಾರ್ಡರ್ ಎಂಬ ಉಗ್ರಾಣದಲ್ಲಿ ಮಾಂಸ, ಮೀನು, ಉಪ್ಪಿನಲ್ಲಿ ಹಾಕಿಟ್ಟ ಸಂಗ್ರಹ. ಕೋಳಿ ಮತ್ತು ಹಕ್ಕಿಗಳಿಗೆ ಬೇರೆ ವಿಭಾಗ. ಬಿಸಿನೀರಲ್ಲಿ ಅದ್ದಿ ಪುಕ್ಕ, ಕೂದಲು ತೆಗೆಯಲು ಇನ್ನೊಂದು. ಸಾಸರಿ ಎಂಬಲ್ಲಿ ಸಾಸಿವೆ, ವಿನಿಗರ್, ಹುಳಿ ದ್ರಾಕ್ಷಿಯ ರಸ, ಸೊಪ್ಪು ಅರೆದ ಹಸಿರು ಗೊಜ್ಜು ತಯಾರಾಗುತ್ತಿದ್ದವು. ದೊಡ್ಡ ಅರಮನೆಯಲ್ಲಿ ಪೇಸ್ಟ್ರಿ, ತೆಳು ಬಿಲ್ಲೆಗಳ ವಿಭಾಗ, ಮಿಠಾಯಿ ವಿಭಾಗ ಎಂದು ಇನ್ನೂ ಕವಲುಗಳು. ಆಲಿಸ್‌ಳಂಥವರ ಮನೆಯಲ್ಲಿ ಇವೆಲ್ಲ ಒಬ್ಬಿಬ್ಬರ ಕೈಯಲ್ಲೇ ಇರುತ್ತಿದ್ದವು. ಹಾಗಾಗಿ ಅರಮನೆಯ ಪಟ್ಟಿಯನ್ನು ಸಣ್ಣ ಮನೆಯ ಮೇಲೆ ಹೇರಬೇಡಿ.

ಸಂಬಾರ ಪದಾರ್ಥಗಳನ್ನು ಮಾತ್ರ ಅಡುಗೆಭಟ್ಟನ ಕೈಗೆ ಬಿಡುತ್ತಿರಲಿಲ್ಲ. ಮೆಣಸು, ಶುಂಠಿ, ದಾಲ್ಚಿನ್ನಿ, ಲವಂಗ, ಕೇಸರಿ, ಸಕ್ಕರೆ ಇವು ಬೆಲೆಬಾಳುವ ಬಟ್ಟೆಗಳ ಜೊತೆ ಬೀಗದೊಳಗೆ ಇರುತ್ತಿದ್ದವು, ತೂಗಿ ಕೊಡುತ್ತಿದ್ದರು. ಅಲ್ಲಿಯ ಮೆಣಸು ಭಾರತದ ಪಡುವಣ ಕರಾವಳಿಯಿಂದ ಹೊರಟು ಕೆಂಪು ಸಮುದ್ರ, ಅಲೆಕ್ಸಾಂಡ್ರಿಯಾ, ವೆನಿಸ್ ದಾಟಿ ಲಂಡನ್ನಿಗೆ ಬರುತ್ತಿತ್ತು. ಲಂಡನ್ನಿನ ಮೆಣಸಿನ ವ್ಯಾಪಾರಿಗಳ ಸಂಘ 1180ರ ಹೊತ್ತಿಗೇ ಇತ್ತು. ಕೊಳೆತ ಮಾಂಸದ ವಾಸನೆ ಮುಚ್ಚಲು ಸಂಬಾರ ಹಾಕುತ್ತಿದ್ದರು ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತದೆ. ಅಷ್ಟು ದೂರದಿಂದ ಬಂದ ಮೆಣಸನ್ನು ಕೊಳ್ಳಬಲ್ಲ ಮನೆಗೆ ತಾಜಾ ಮಾಂಸ ಕೊಳ್ಳುವುದು ಕಷ್ಟವಾಗಿರಲಿಲ್ಲ. ಲೆಕ್ಕದ ಪುಟದಲ್ಲಿ ಎರಡರ ಬೆಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ನಾಲ್ಕನೆಯ ಹೆಜ್ಜೆ: ಪಾತ್ರೆ ವಿಭಾಗಕ್ಕೆ ಬೇರೆ ಪುಟ ಕೊಡಿ

ಸ್ಕಲರಿ ಎಂದರೆ ಇಂದಿನವರ ಮನಸ್ಸಿಗೆ ಬರುವುದು ಪಾತ್ರೆ ತೊಳೆಯುವ ಮೂಲೆ. ಮಧ್ಯಯುಗದ ದೊಡ್ಡಮನೆಯಲ್ಲಿ ಅದು ಅಷ್ಟಕ್ಕೇ ನಿಲ್ಲುವ ಜಾಗವಾಗಿರಲಿಲ್ಲ. ಬಡಿಸುವ ತಟ್ಟೆ, ಬಟ್ಟಲು, ಗೊಜ್ಜಿನ ಬಟ್ಟಲು ಎಲ್ಲದರ ಸ್ವಾಧೀನ, ಎಣಿಕೆ, ಹಂಚಿಕೆ, ಮರಳಿ ಪಡೆಯುವುದು, ಹಾನಿಯ ಲೆಕ್ಕ ಎಲ್ಲವೂ ಅದರದು. ಮೊದಲನೆಯ ಹೆನ್ರಿಯ ನಂತರ 1136ರ ಸುಮಾರಿಗೆ ಬರೆದ ಅರಮನೆ ಪರಿವಾರದ ಪಟ್ಟಿಯಲ್ಲೇ ಪಾತ್ರೆಗಳನ್ನು ನೋಡಿಕೊಳ್ಳುವವನಿಗೆ ಒಂದು ಸಾಲು ಇದೆ. ಅದೇ ಪಟ್ಟಿಯಲ್ಲಿ ಚಾನ್ಸಲರ್‌ಗೆ ದಿನಕ್ಕೆ ಐದು ಶಿಲ್ಲಿಂಗ್, ಬ್ರೆಡ್, ವೈನ್, ಒಂದು ದಪ್ಪ ಮೇಣದಬತ್ತಿ, ಜೊತೆಗೆ ಉರಿದು ಉಳಿದ ನಲವತ್ತು ಬತ್ತಿತುಂಡುಗಳು ಸಲ್ಲಬೇಕೆಂದಿದೆ. ರಾಜ್ಯದ ಮುದ್ರೆ ಹಿಡಿದವನಿಗೂ ಬತ್ತಿಯ ತುಂಡನ್ನು ಎಣಿಸಿ ಕೊಡುವ ಮನೆ ತಟ್ಟೆಯನ್ನು ಎಣಿಸದೆ ಬಿಟ್ಟೀತೇ?

ಈ ಪುಟದಲ್ಲಿ ನಾಲ್ಕು ಪದರ ಬರೆದುಕೊಳ್ಳಿ.

ಮೇಲಿನದು ಬೆಳ್ಳಿ, ಚಿನ್ನದ ನೀರು ಹಾಕಿದ ಬೆಳ್ಳಿ. ಇದು ಒಡೆಯನ ಮೇಜಿಗೆ. ಪಟ್ಟಿಗಳಲ್ಲಿ ಇವನ್ನು ಎಣಿಸುವುದರ ಜೊತೆಗೆ ತೂಕವನ್ನೂ ಬರೆಯುತ್ತಾರೆ; ಮೇಲೆ ಕೆತ್ತಿದ ವಂಶಲಾಂಛನವನ್ನೂ ನಮೂದಿಸುತ್ತಾರೆ. ಯಾಕೆಂದರೆ ಬೆಳ್ಳಿಯ ತಟ್ಟೆ ಪಾತ್ರೆಯೂ ಹೌದು, ಖಜಾನೆಯೂ ಹೌದು. ಯುದ್ಧ ಬಂದರೆ ಒತ್ತೆ ಇಡಬಹುದು, ಕರಗಿಸಿ ನಾಣ್ಯ ಮಾಡಬಹುದು. ಹಾಗೆ ಕರಗಿಹೋದದ್ದರಿಂದಲೇ ಆ ಕಾಲದ ಊಟದ ಬೆಳ್ಳಿ ಇಂದು ತೀರಾ ಅಪರೂಪ. ನಾವು ನೋಡಲಾಗದ ಪಾತ್ರೆಗಳ ವಿವರ ಪಟ್ಟಿಗಳಲ್ಲಿ ಮಾತ್ರ ಉಳಿದಿದೆ. ಅದಕ್ಕೇ ಒಣ ಪಟ್ಟಿಯೆಂದು ಹಾರಿಸಿ ಓದಬಾರದು.

ಎರಡನೆಯದು ಪ್ಯೂಟರ್, ತವರದ ಮಿಶ್ರಲೋಹ. ತವರ ಕಾರ್ನ್‌ವಾಲ್ ಮತ್ತು ಡೆವನ್ ಗಣಿಗಳದ್ದು. ಲಂಡನ್ನಿನ ಪ್ಯೂಟರ್ ಕೆಲಸಗಾರರು 1348ರಲ್ಲೇ ಲೋಹದ ಗುಣಮಟ್ಟಕ್ಕೆ ನಿಯಮ ಮಾಡಿಸಿಕೊಂಡರು: ತಾಮ್ರ ಬೆರೆಸಿದ್ದು ಉತ್ತಮ ದರ್ಜೆ, ಸೀಸ ಬೆರೆಸಿದ್ದು ಕೆಳದರ್ಜೆ. ಪಟ್ಟಿಯಲ್ಲಿ "ಗಾರ್ನಿಷ್" ಎಂದು ಬಂದರೆ 12 ದೊಡ್ಡ ತಟ್ಟೆ, 12 ಬಟ್ಟಲು, 12 ಗೊಜ್ಜಿನ ಬಟ್ಟಲು ಸೇರಿದ 36ರ ಜೋಡಣೆ ಎಂದು ತಿಳಿಯಿರಿ. ಎಷ್ಟು ಗಾರ್ನಿಷ್ ಇದೆ ಎಂಬುದರಿಂದ ಮನೆಯ ಗಾತ್ರವನ್ನು ಅಂದಾಜು ಮಾಡಬಹುದು.

ಮೂರನೆಯದು ಮರ. ಹಾಲ್‌ನ ಕೆಳಮೇಜುಗಳಲ್ಲಿ ಕಡೆದ ಮರದ ಬಟ್ಟಲು, ಮರದ ಕುಡಿಯುವ ಲೋಟ. ಇವುಗಳ ಬೆಲೆ ಕಡಿಮೆ, ಒಡೆದರೆ ಒಲೆಗೆ. ನೂರರ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಇವೇ ಮನೆಯ ಹೆಚ್ಚಿನ ಜನ ಕೈಯಲ್ಲಿ ಹಿಡಿದ ಪಾತ್ರೆಗಳು. ಮಣ್ಣಿನ ಹೂಜಿ, ಚರ್ಮದ ಪಾತ್ರೆಗಳೂ ಈ ಪದರಕ್ಕೇ ಸೇರುತ್ತವೆ.

ನಾಲ್ಕನೆಯದು ಅಡುಗೆಯ ಪಾತ್ರೆ: ಹಿತ್ತಾಳೆಯ ಹಂಡೆ, ಕಂಚಿನ ಮೂರುಕಾಲಿನ ಪಾತ್ರೆ, ಕಬ್ಬಿಣದ ಶೂಲ, ಜಾಲರಿ, ಕಲ್ಲಿನ ಅಥವಾ ಲೋಹದ ಒರಳು. ಇವು ಮರಣಪತ್ರಗಳಲ್ಲಿ ಮಗನಿಗೋ ಸೊಸೆಗೋ ಹೋಗುವಷ್ಟು ಬೆಲೆಬಾಳುವ ಆಸ್ತಿ.

ತೊಳೆಯುವುದಕ್ಕೆ ಬಿಸಿನೀರು, ಬೂದಿ, ಮರಳು, ಒರಟು ಹುಲ್ಲು. ಪ್ಯೂಟರ್ ಉಜ್ಜಲು ಕುದುರೆಬಾಲದಂತಿರುವ, ಸಿಲಿಕಾ ತುಂಬಿದ ಒಂದು ಸಸ್ಯವನ್ನು ಬಳಸುತ್ತಿದ್ದರು. ಇದನ್ನೆಲ್ಲ ಮಾಡುತ್ತಿದ್ದವರು ಬಹುಪಾಲು ಹುಡುಗರು ಮತ್ತು ಕೆಳದರ್ಜೆಯ ಗಂಡಾಳುಗಳು. ದೊಡ್ಡಮನೆಯ ಅಡುಗೆ ವಿಭಾಗಗಳಲ್ಲಿ ಹೆಂಗಸರು ತೀರಾ ವಿರಳ. ಎಂಟನೆಯ ಹೆನ್ರಿಯ ಅರಮನೆಗೆ 1526ರಲ್ಲಿ ಎಲ್ಟಮ್‌ನಲ್ಲಿ ಹೊರಡಿಸಿದ ನಿಯಮಗಳಲ್ಲಿ ಒಂದು ಮಾತಿದೆ: ಅಡುಗೆಯ ಕೆಳಗಿನ ಹುಡುಗರು ಬೆತ್ತಲೆಯಾಗಿ ಅಥವಾ ಕೊಳಕು ಬಟ್ಟೆಯಲ್ಲಿ ತಿರುಗಾಡಬಾರದು, ಹಗಲೂ ರಾತ್ರಿ ಅಡುಗೆಮನೆಯ ಒಲೆಯ ಪಕ್ಕದ ನೆಲದಲ್ಲೇ ಬಿದ್ದಿರಬಾರದು, ಅವರಿಗೆ ಸರಿಯಾದ ಬಟ್ಟೆ ಒದಗಿಸುವುದು ಮುಖ್ಯ ಅಡುಗೆಯವರ ಹೊಣೆ. ನಿಷೇಧಿಸಬೇಕಾಗಿ ಬಂತು ಎಂದರೆ ಅದು ನಡೆಯುತ್ತಿತ್ತು ಎಂದೇ ಅರ್ಥ. ಈ ಸಾಲನ್ನು ಓದಿದಾಗಲೆಲ್ಲ ನನಗೆ ಆ ಹುಡುಗರ ಹೆಸರು ಒಂದೂ ನಮಗೆ ಸಿಗದಲ್ಲ ಎಂದು ಸಂಕಟವಾಗುತ್ತದೆ. ಬೆಳ್ಳಿ ತಟ್ಟೆಯ ತೂಕ ಸಿಗುತ್ತದೆ, ಅದನ್ನು ಉಜ್ಜಿದವನ ಹೆಸರು ಸಿಗುವುದಿಲ್ಲ. ನಿಮ್ಮ ಟಿಪ್ಪಣಿಯಲ್ಲಿ ಅವರಿಗೊಂದು ಸಾಲು ಬಿಡಿ. ಕೂಲಿ, ಬಟ್ಟೆ, ಪಾದರಕ್ಷೆಯ ಖರ್ಚಿನ ನಡುವೆ ಎಲ್ಲಿಯಾದರೂ ಸುಳಿವು ಕಂಡರೆ ಅಲ್ಲಿ ಬರೆದುಕೊಳ್ಳಿ.

ಐದನೆಯ ಹೆಜ್ಜೆ: ಲೆಕ್ಕ ಬಿಡಿಸಿ

ಮೂಲ ಲೆಕ್ಕಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿ, ಸಂಖ್ಯೆಗಳು ರೋಮನ್ ಅಂಕೆಯಲ್ಲಿ. ಅನುವಾದವನ್ನೇ ಓದುತ್ತಿದ್ದರೂ ಕೆಲವು ವಿಷಯ ತಿಳಿದಿರಬೇಕು. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ನಾಲ್ಕರ ಅಂಕೆಯ ತಲೆಯ ಮೇಲೆ ಇಪ್ಪತ್ತರ ಗುರುತು ಇದ್ದರೆ ಅದು 80. ಉಪ್ಪುಮೀನಿನಂಥ ವಸ್ತುಗಳಲ್ಲಿ "ನೂರು" ಎಂದರೆ ಹಲವೆಡೆ 120. ಇದೊಂದನ್ನು ಮರೆತರೆ ಇಡೀ ಲೆಂಟ್ ಉಪವಾಸದ ಲೆಕ್ಕ ತಪ್ಪುತ್ತದೆ. ಎಂಟು ಬುಶೆಲ್‌ಗೆ ಒಂದು ಕ್ವಾರ್ಟರ್ ಧಾನ್ಯ. ವೈನಿನ ಒಂದು ಟನ್ ಪೀಪಾಯಿ 252 ಗ್ಯಾಲನ್.

ಅಭ್ಯಾಸಕ್ಕೆ ಒಂದು ಲೆಕ್ಕ. ಲಿಂಕನ್‌ನ ಬಿಷಪ್ ರಾಬರ್ಟ್ ಗ್ರೋಸೆಟೆಸ್ಟ್ 1240ರ ದಶಕದ ಮೊದಲಲ್ಲಿ ಲಿಂಕನ್‌ನ ಕೌಂಟೆಸ್‌ಗೆ ಮನೆವಾರ್ತೆಯ ನಿಯಮಗಳನ್ನು ಬರೆದುಕೊಟ್ಟ. ಒಂದು ಕ್ವಾರ್ಟರ್ ಗೋಧಿಯಿಂದ ಬಿಳಿ ಮತ್ತು ಕಂದು ಬ್ರೆಡ್ ಸೇರಿ 180 ಆಗಬೇಕು ಎಂದು ಅದರಲ್ಲಿದೆ. ಒಂದು ವಾರದಲ್ಲಿ ಎರಡು ಕ್ವಾರ್ಟರ್ ನಾಲ್ಕು ಬುಶೆಲ್ ಗೋಧಿ ಬೇಕರಿಗೆ ಹೋಗಿದೆ ಎಂದುಕೊಳ್ಳಿ. ಎರಡೂವರೆ ಕ್ವಾರ್ಟರ್, ಅಂದರೆ 450 ಬ್ರೆಡ್. ಪ್ಯಾಂಟ್ರಿಯಲ್ಲಿ ಖರ್ಚಾದದ್ದು 430 ಎಂದಿದ್ದರೆ ಉಳಿದ 20 ಎಲ್ಲಿ? ಕೋಣೆಯಲ್ಲಿ ಉಳಿಕೆ ಇದೆಯೇ, ದಾನಕ್ಕೆ ಹೋಯಿತೇ, ಬೇಕರಿಯವನೇ ಕಡಿಮೆ ಸುಟ್ಟನೇ? ಮನೆಯ ಪಾರುಪತ್ಯಗಾರನೂ ಲೆಕ್ಕ ತನಿಖೆಯವನೂ ಕೇಳುತ್ತಿದ್ದದ್ದು ಇದೇ ಪ್ರಶ್ನೆಯನ್ನು. ಬೇಕರಿಯವನ ಬಳಿ ಒಂದು, ಪ್ಯಾಂಟರ್ ಬಳಿ ಒಂದು ಎಂದು ಗೀಟು ಹಾಕಿ ಸೀಳಿದ ಕೋಲಿನ ಎರಡು ಸೀಳುಗಳಿರುತ್ತಿದ್ದವು; ಜೋಡಿಸಿದಾಗ ಗೀಟುಗಳು ಕೂಡಬೇಕು. ಓದು ಬಾರದವನಿಗೂ ಇದರಲ್ಲಿ ಮೋಸ ಮಾಡಲು ಆಗುತ್ತಿರಲಿಲ್ಲ, ಅವನಿಗೆ ಮೋಸ ಮಾಡಲೂ ಆಗುತ್ತಿರಲಿಲ್ಲ.

ಲೆಕ್ಕದಲ್ಲಿ "ಸಂಗ್ರಹದಿಂದ" ಎಂದಿರುವುದನ್ನೂ "ಕೊಂಡದ್ದು" ಎಂದಿರುವುದನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಸಂಗ್ರಹದ ಬಹುಭಾಗ ಸ್ವಂತ ಜಮೀನಿನದ್ದು, ಅಥವಾ ನವೆಂಬರ್ 11ರ ಮಾರ್ಟಿನ್‌ಮಸ್ ಹೊತ್ತಿಗೆ ಕಡಿದು ಉಪ್ಪು ಹಾಕಿಟ್ಟ ಮಾಂಸ.

ಜೊತೆಗೆ ವಾರದ ದಿನ ನೋಡಿ. ಶುಕ್ರವಾರ, ಶನಿವಾರ, ಹಲವು ಮನೆಗಳಲ್ಲಿ ಬುಧವಾರವೂ ಮಾಂಸವಿಲ್ಲ, ಮೀನು. ಈಸ್ಟರ್‌ಗೆ ಮುಂಚಿನ ಲೆಂಟ್‌ನಲ್ಲಿ ಮೊಟ್ಟೆ, ಹಾಲು, ಬೆಣ್ಣೆಯೂ ಇಲ್ಲ. ಆಗ ನಾರ್ವೆಯಿಂದ ಬಂದ ಒಣಮೀನು, ಪೀಪಾಯಿಗಟ್ಟಲೆ ಹೆರಿಂಗ್ ಮೀನು, ಹಾಲಿನ ಬದಲು ಬಾದಾಮಿ. ನಾರ್ತಂಬರ್‌ಲೆಂಡ್ ಅರ್ಲ್ ಮತ್ತು ಅವನ ಹೆಂಡತಿಗೆ ಲೆಂಟ್‌ನ ಬೆಳಗಿನ ಉಪಾಹಾರಕ್ಕೂ ಉಪ್ಪುಮೀನು, ಹೆರಿಂಗ್, ಜೊತೆಗೆ ಬಿಯರ್ ಮತ್ತು ವೈನ್ ಎಂದು ಕಟ್ಟಳೆ ಇತ್ತು.

ಆರನೆಯ ಹೆಜ್ಜೆ: ಒಂದು ತಟ್ಟೆಯನ್ನು ಕಳಿಸಿ, ಮರಳಿ ತನ್ನಿ

ಈಗ ನಕ್ಷೆಯ ಮೇಲೆ ಬೆರಳಿಟ್ಟು ನಡೆಯಿರಿ. ಬೆಳಿಗ್ಗೆ ಸ್ಕಲರಿಯಿಂದ ಎಣಿಸಿದ ತಟ್ಟೆಗಳು ಅಡುಗೆಮನೆಗೆ ಬಂದವು. ಅಡುಗೆಮನೆಗೂ ಹಾಲ್‌ಗೂ ನಡುವೆ ಡ್ರೆಸರ್ ಎಂಬ ಕಟ್ಟೆ ಅಥವಾ ಕಿಂಡಿ ಇದೆ. ಅಡುಗೆಯವರು ಇದನ್ನು ದಾಟುವುದಿಲ್ಲ, ಬಡಿಸುವವರು ಇದರೊಳಗೆ ಬರುವುದಿಲ್ಲ. ಇಲ್ಲಿ ಅಡುಗೆಮನೆಯ ಗುಮಾಸ್ತ ನಿಂತು ಎಷ್ಟು ತಟ್ಟೆ, ಯಾವ ಮೇಜಿಗೆ ಎಂದು ನೋಡುತ್ತಾನೆ. ಒಡೆಯನ ತಟ್ಟೆಯಾದರೆ ವಿಷದ ಭಯಕ್ಕೆ ರುಚಿ ನೋಡುವ ವಿಧಿಯೂ ಇದೆ. ಅಲ್ಲಿಂದ ಓಣಿ, ನಡುವಿನ ಬಾಗಿಲು, ಹಾಲ್. ಅಷ್ಟರಲ್ಲಿ ಯೂಅರಿಯವನು ಹೂಜಿ, ಬೋಗುಣಿ, ಒರೆಸುವ ಬಟ್ಟೆ ಹಿಡಿದು ಕೈ ತೊಳೆಸಿದ್ದಾನೆ. ಪ್ಯಾಂಟರ್ ಉಪ್ಪಿನ ಪಾತ್ರೆ, ಬ್ರೆಡ್, ಚಾಕು ಇಟ್ಟಿದ್ದಾನೆ.

ಹಾಲ್‌ನಲ್ಲಿ ತಟ್ಟೆ ಯಾರ ಮುಂದೆ ಇಳಿಯುತ್ತದೆ ಎಂಬುದನ್ನು ಗಮನಿಸಿ. ನಮ್ಮ ಪಂಕ್ತಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎಲೆ. ಅಲ್ಲಿ ಬಡಿಸುವ ಘಟಕ ಮೆಸ್. ಸಾಮಾನ್ಯರಲ್ಲಿ ನಾಲ್ವರಿಗೆ ಒಂದು ಮೆಸ್, ಮೇಲಿನವರಲ್ಲಿ ಇಬ್ಬರಿಗೆ ಒಂದು, ಅತಿ ದೊಡ್ಡವರಿಗೆ ಒಬ್ಬರಿಗೇ ಒಂದು. ಆದ್ದರಿಂದ ತಟ್ಟೆಗಳ ಸಂಖ್ಯೆಯನ್ನು ನೋಡಿ ಅಷ್ಟೇ ಜನ ಉಂಡರು ಎಂದು ತೀರ್ಮಾನಿಸಬೇಡಿ. ಒಡೆಯನ ಮುಂದಿನ ರಾಶಿಯನ್ನು ನೋಡಿ ಅವನೊಬ್ಬನೇ ತಿಂದ ಎಂದೂ ತಿಳಿಯಬೇಡಿ. ತಟ್ಟೆ ತುಂಬಿರಲಿ, ಎಡಕ್ಕೂ ಬಲಕ್ಕೂ ಅದರಿಂದ ಕೊಡುವಂತಿರಲಿ ಎಂದು ಗ್ರೋಸೆಟೆಸ್ಟ್ ಕೌಂಟೆಸ್‌ಗೆ ಹೇಳಿದ್ದ.

ಊಟ ಮುಗಿದ ಮೇಲೆ ತಟ್ಟೆಯ ಹಿಂದಿನ ದಾರಿ ಶುರು. ಉಳಿದ ಆಹಾರ ಮತ್ತು ರಸ ಹೀರಿದ ಬ್ರೆಡ್ ತುಂಡುಗಳು ದಾನದ ಪಾತ್ರೆಗೆ ಬಿದ್ದು ಬಾಗಿಲಲ್ಲಿ ಕಾದ ಬಡವರಿಗೆ ಹೋಗಬೇಕು. ಅದನ್ನು ಆಳುಗಳು ಮಧ್ಯದಲ್ಲೇ ಸಾಗಿಸದಂತೆ ಕಾಯಬೇಕು ಎಂಬ ಎಚ್ಚರಿಕೆ ನಿಯಮಗಳಲ್ಲಿ ಬರುತ್ತದೆ. ತಟ್ಟೆಗಳು ಎಣಿಕೆಯಾಗಿ ಸ್ಕಲರಿಗೆ. ವಿಭಾಗಗಳ ಲೆಕ್ಕ ಪಾರುಪತ್ಯಗಾರರು ಕೂರುವ ಲೆಕ್ಕದ ಕೋಣೆಗೆ. ಅರಮನೆಯಲ್ಲಾದರೆ ಹಸಿರು ಬಟ್ಟೆ ಹಾಸಿದ ಮೇಜಿನ ಮುಂದೆ ಅದರ ಪರಿಶೀಲನೆ.

ಬರೆಯುವವರಿಗೆ ಕೆಲವು ಎಚ್ಚರಿಕೆ

ಕಥೆ, ನಾಟಕ ಬರೆಯುವವರು ಮೇಜಿನ ಮೇಲೆ ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಇಡಬೇಡಿ. ಅವೆಲ್ಲ ಅಮೆರಿಕ ಖಂಡದಿಂದ ಆಮೇಲೆ ಬಂದವು. ಟರ್ಕಿ ಕೋಳಿಯೂ ಹಾಗೆಯೇ. ಒಬ್ಬೊಬ್ಬರ ಮುಂದೆ ಫೋರ್ಕ್ ಇಡಬೇಡಿ; ಚಾಕು, ಚಮಚ, ಬೆರಳು ಅಷ್ಟೇ. ಊಟದ ನಡುವೆ ಅಡುಗೆಭಟ್ಟ ಹಾಲ್‌ಗೆ ನುಗ್ಗಿ ಮಾತಾಡುವ ದೃಶ್ಯ ಬೇಡ, ಡ್ರೆಸರ್ ಎಂಬ ಗಡಿ ಇದೆ. ಎಲುಬನ್ನು ನೆಲಕ್ಕೆ ಎಸೆಯುವ ಒಡೆಯನನ್ನೂ ಬಿಡಿ. ಇಷ್ಟೊಂದು ಬಟ್ಟೆ, ಬೋಗುಣಿ, ಹೂಜಿ ಇಟ್ಟುಕೊಂಡ ಜನ ಶುಚಿಯ ಬಗ್ಗೆ ಕಟ್ಟುನಿಟ್ಟಾಗಿದ್ದರು. 1465ರಲ್ಲಿ ಜಾರ್ಜ್ ನೆವಿಲ್ ಯಾರ್ಕ್‌ನ ಆರ್ಚ್‌ಬಿಷಪ್ ಆದಾಗಿನ ಔತಣದ ಪಟ್ಟಿಯಲ್ಲಿ 104 ಎತ್ತು, 1000 ಕುರಿ, 400 ಹಂಸ ಎಂದೆಲ್ಲ ಇದೆ. ಅದನ್ನು ನಿತ್ಯದ ಊಟಕ್ಕೆ ಅಳತೆಗೋಲು ಮಾಡಬೇಡಿ. ಅದು ವೈಭವ ತೋರಿಸಲೆಂದೇ ಮಾಡಿದ್ದು, ಬರೆದದ್ದೂ ಅದಕ್ಕೇ.

ಕಣ್ಣಿಗೆ ಕಾಣುವ ಆಧಾರಗಳು

ಊರಿನಲ್ಲೇ ಕೂತು ನೋಡುವವರಿಗೆ ಲಿಂಕನ್‌ಶೈರ್‌ನ ಇರ್ನ್‌ಹ್ಯಾಮ್‌ನ ಒಡೆಯ ಸರ್ ಜೆಫ್ರಿ ಲಟ್ರೆಲ್‌ಗಾಗಿ 1325–40ರ ಸುಮಾರಿಗೆ ತಯಾರಾದ ಪ್ರಾರ್ಥನಾ ಗ್ರಂಥದ ಚಿತ್ರಗಳಿವೆ; ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಕ್ಕಪಕ್ಕದ ಪುಟಗಳ ಕೆಳಅಂಚಿನಲ್ಲಿ ಬೆಂಕಿಯ ಮುಂದೆ ಶೂಲ ತಿರುಗಿಸುವವರು, ಕೊಪ್ಪರಿಗೆ ನೋಡುವವನು, ಕತ್ತರಿಸುವವನು, ತಟ್ಟೆ ಹೊತ್ತು ಸಾಗುವವರು, ಕೊನೆಗೆ ಮೇಜಿನ ಹಿಂದೆ ಕುಳಿತ ಲಟ್ರೆಲ್ ಮತ್ತು ಮನೆಯವರು. ಆರನೆಯ ಹೆಜ್ಜೆಯ ದಾರಿಯನ್ನೇ ಚಿತ್ರಕಾರ ಎಡದಿಂದ ಬಲಕ್ಕೆ ಬರೆದಿದ್ದಾನೆ.

ಪ್ರಯಾಣ ಮಾಡುವವರು ಲಿಂಕನ್‌ಶೈರ್‌ನ ಗೇನ್ಸ್‌ಬರೋ ಓಲ್ಡ್ ಹಾಲ್‌ಗೆ ಹೋಗಿ. 15ನೆಯ ಶತಮಾನದ ಉತ್ತರಾರ್ಧದ ಅಡುಗೆಮನೆ, ದೈತ್ಯ ಒಲೆಗಳು, ಹಾಲ್‌ಗೆ ಹೋಗುವ ದಾರಿ ಎಲ್ಲವೂ ಅಲ್ಲಿ ಉಳಿದಿವೆ. ಡರ್ಬಿಶೈರ್‌ನ ಹ್ಯಾಡನ್ ಹಾಲ್‌ನಲ್ಲಿ ಕಡಿದು ಕಡಿದು ತಗ್ಗಾದ ಮರದ ದಿಮ್ಮಿಗಳಿವೆ. ಹ್ಯಾಂಪ್ಟನ್ ಕೋರ್ಟ್ ಸ್ವಲ್ಪ ಆಮೇಲಿನದು. ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ವುಲ್ಸಿ 1514ರಲ್ಲಿ ಪಡೆದ ಜಾಗವನ್ನು 1529ರಿಂದ ಆ ದೊರೆಯೇ ವಿಸ್ತರಿಸಿದ. ಆದರೆ ವಿಭಾಗಕ್ಕೊಂದು ಕೋಣೆ ಎಂಬ ಪದ್ಧತಿಯನ್ನು ಕಾಲಲ್ಲಿ ನಡೆದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಜನ ಬೆಂಕಿ ಉರಿಯುವ ಒಲೆಯ ಮುಂದೆ ಸೇರುತ್ತಾರೆ. ನೀವು ಬಡಿಸುವ ಕಿಂಡಿಗಳ ಬಳಿ ನಿಂತು ಎರಡೂ ಕಡೆಗೆ ನೋಡಿ. ಪಾತ್ರೆಗಳನ್ನು ಹತ್ತಿರದಿಂದ ಕಾಣಬೇಕಾದರೆ ಪೋರ್ಟ್ಸ್‌ಮತ್‌ನ ಮೇರಿ ರೋಸ್ ಸಂಗ್ರಹಾಲಯಕ್ಕೆ ಹೋಗಬೇಕು. 1545ರಲ್ಲಿ ಮುಳುಗಿದ ಆ ಹಡಗಿನಿಂದ ಮೇಲೆತ್ತಿದ ಪ್ಯೂಟರ್ ತಟ್ಟೆಗಳಲ್ಲಿ ಕೆಲವುಗಳ ಮೇಲೆ ಉಪನೌಕಾಧಿಪತಿ ಜಾರ್ಜ್ ಕೇರೂನ ಹೆಸರಿನ ಮೊದಲಕ್ಷರಗಳಿವೆ. ನಾವಿಕರ ಮರದ ಬಟ್ಟಲುಗಳೂ ಅದೇ ಸಂಗ್ರಹದಲ್ಲಿವೆ. ಮೊದಲು ಮರದವುಗಳನ್ನು ನೋಡಿ, ಆಮೇಲೆ ಪ್ಯೂಟರ್‌ಗೆ ಬನ್ನಿ.